ವಾಲಿಕೊಂಡು ಓಡುವ ಅಕ್ಷರ

ಇವತ್ತು ರಾಜಕೀಯ ಬೇಡ. ನಾನು ಮಾತಾಡುವಾಗ ನನ್ನ ಎದೆಮಟ್ಟದಲ್ಲಿ ಕೆಂಪು ಪಟ್ಟಿಯ ಮೇಲೆ ದಪ್ಪಗೆ, ಇಕ್ಕಟ್ಟಾಗಿ, ಬಲಕ್ಕೆ ವಾಲಿಕೊಂಡು ನಿಂತಿರುತ್ತಲ್ಲ, ಆ ಅಕ್ಷರದ ವಿಷಯ ಮಾತಾಡೋಣ. ನೀವು ನನ್ನ ಮುಖಕ್ಕಿಂತ ಜಾಸ್ತಿ ಹೊತ್ತು ನೋಡೋದು ಅದನ್ನೇ.

ಒಂದು ಮಳೆಗಾಲದಲ್ಲಿ ನೆರೆ ಸುದ್ದಿ ಓದ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹೆಣ್ಣುಮಗಳ ಫೋನು. ‘ಸಾರ್, ಪರಿಹಾರ ದನ ಅಂತ ಹಾಕಿದ್ದೀರಲ್ಲ, ನಮ್ಮ ಎರಡೂ ಹಸು ಹೊಳೆಗೆ ಹೋದವು, ಎಲ್ಲಿ ಕೊಡ್ತಾರೆ?’ ನನಗೆ ಬಾಯಿ ಕಟ್ಟಿಹೋಯ್ತು. ನಾವು ಹಾಕಿದ್ದು ‘ಪರಿಹಾರ ಧನ’. ಕಾಗುಣಿತ ಸರಿಯಾಗೇ ಇತ್ತು. ಆಕೆಯ ಕಣ್ಣೂ ಸರಿಯಾಗೇ ಇತ್ತು.

ತಪ್ಪಿದ್ದು ಎಲ್ಲಿ? ದ-ಗೂ ಧ-ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಅಷ್ಟೇ. ಅಕ್ಷರವನ್ನು ದಪ್ಪ ಮಾಡಿದರೆ ಆ ಸೀಳು ಮುಚ್ಚಿಕೊಳ್ಳುತ್ತೆ. ಪ-ಫ, ಡ-ಢ ಕಥೆಯೂ ಇದೇ. ಠ-ದ ಹೊಟ್ಟೆಯೊಳಗಿನ ಚುಕ್ಕೆ ಹೋದರೆ ಉಳಿಯೋದು ಬರೀ ರ.

ಈ ದಪ್ಪ, ಇಕ್ಕಟ್ಟು ರೂಪ ಇಂಗ್ಲಿಷಿನಿಂದ ಬಂದದ್ದು. ಜೆಫ್ರಿ ಲೀ ಎಂಬ ವಿನ್ಯಾಸಕಾರ ಮಾಡಿದ ಇಂಪ್ಯಾಕ್ಟ್ ಅನ್ನೋ ಅಕ್ಷರವನ್ನು 1965ರಲ್ಲಿ ಶೆಫೀಲ್ಡಿನ ಸ್ಟೀಫನ್ಸನ್ ಬ್ಲೇಕ್ ಕಂಪನಿ ಹೊರತಂದಿತು. ಇದ್ದ ಜಾಗದಲ್ಲಿ ಆದಷ್ಟೂ ಹೆಚ್ಚು ಮಸಿ ತುಂಬಬೇಕು, ದೂರದಿಂದಲೇ ಹೊಡೆದಂತೆ ಕಾಣಬೇಕು ಅನ್ನೋದು ಅದರ ಲೆಕ್ಕ. ಜಾಹೀರಾತಿನ ಎರಡು-ಮೂರು ಪದಕ್ಕೆ ಸೊಗಸಾಗಿದೆ. ಅದಕ್ಕೆ ವಾಲಿದ ಜೋಡಿಯೇ ಇಲ್ಲ ಬಿಡಿ. ಬಟನ್ ಒತ್ತಿದರೆ ಕಂಪ್ಯೂಟರೇ ತಳ್ಳಿ ವಾಲಿಸುತ್ತೆ. ವಾಲಿದರೆ ಓಟದ ಭಾಸ. ಅರ್ಜೆಂಟು! ಬೆಳಿಗ್ಗಿನಿಂದ ರಾತ್ರಿವರೆಗೂ ಎಲ್ಲವೂ ಅರ್ಜೆಂಟಾದರೆ ಏನು ಗತಿ ಅಂತ ನಮ್ಮ ಕಚೇರಿಯಲ್ಲಿ ಕೇಳಿದವನೂ ನಾನೇ, ಬೈಸಿಕೊಂಡವನೂ ನಾನೇ.

ರೋಮನ್ ಲಿಪಿಯಲ್ಲಿ ವಾಲಿದ ಅಕ್ಷರಕ್ಕೆ ವೆನಿಸಿನ ಆಲ್ಡಸ್ ಮನುಷಿಯಸ್ 1501ರಲ್ಲಿ ಅಚ್ಚು ಮಾಡಿದ ವರ್ಜಿಲನ ಪುಸ್ತಕದಿಂದ ಇತಿಹಾಸ ಇದೆ. ಅದು ಕೈಬರಹದಿಂದ ಹುಟ್ಟಿದ್ದು. ನಮ್ಮ ದುಂಡು ಕನ್ನಡಕ್ಕೆ ಅಂಥ ಜೋಡಿ ಬೆಳೆದಿಲ್ಲ, ಮಾಡೋದೆಲ್ಲ ಬರೀ ತಳ್ಳಾಟ. ಅಕ್ಕಪಕ್ಕದಿಂದ ಹಿಂಡಿದರೆ ದುಂಡಕ್ಷರ ಕೋಳಿಮೊಟ್ಟೆ ಆಗುತ್ತೆ. ಮೇಲಾಗಿ ಒತ್ತಕ್ಷರ! ‘ರಾಷ್ಟ್ರ’ ಅಂತ ಬರೆದರೆ ಕೆಳಗೆ ಟ ಒತ್ತು, ಅದಕ್ಕೊಂದು ರ ಒತ್ತು. ಪಟ್ಟಿಯ ಎತ್ತರ ಮಾತ್ರ ಅಷ್ಟೇ. ಒತ್ತಿಗೆ ಜಾಗ ಬಿಡಬೇಕಾದರೆ ಇಡೀ ಸಾಲನ್ನೇ ಕುಗ್ಗಿಸಬೇಕು.

ಆಮೇಲೆ ನಮ್ಮಲ್ಲಿ ಒಂದು ಒಪ್ಪಂದ ಆಯ್ತು. ಬ್ರೇಕಿಂಗ್ ಪಟ್ಟಿ ವಾಲಿಕೊಂಡೇ ಇರಲಿ. ಹೆಸರು, ಊರು, ಹಣ, ಸಹಾಯವಾಣಿ ಸಂಖ್ಯೆ ನೆಟ್ಟಗೆ, ಸ್ವಲ್ಪ ತೆಳ್ಳಗೆ, ಬಿಡಿಸಿ. ಮರುದಿನ ಪಟ್ಟಿಯಲ್ಲಿ ‘ಪರಿಹಾರದ ಹಣ’ ಅಂತ ಹಾಕಿಸಿದೆ. ಆಕೆಗೆ ಅವತ್ತೇ ಫೋನಿನಲ್ಲಿ ಹೇಳಿದ್ದೆ, ‘ಅಮ್ಮಾ, ಅದು ದನ ಅಲ್ಲ, ದುಡ್ಡು’ ಅಂತ. ‘ಹೌದಾ’ ಅಂದು ಇಟ್ಟುಬಿಟ್ಟರು.