ಘಾನಾದಲ್ಲಿ ಅಂದು ಕರೆಂಟ್ ಹೋಗದಿದ್ದರೆ?

2017ರ ಜೂನ್ 27ರಂದು ನಾಟ್‌ಪೆಟ್ಯಾ ಮಾಲ್‌ವೇರ್ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರುಗಳನ್ನು ಜಗತ್ತಿನಾದ್ಯಂತ ಮಲಗಿಸಿತು. ಬಂದರುಗಳ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು. ಬಹುತೇಕ ಸರ್ವರುಗಳ ಬ್ಯಾಕಪ್ ಇತ್ತು. ಆದರೆ ಯಾರು ಎಲ್ಲಿ ಲಾಗಿನ್ ಆಗಬಹುದೆಂದು ತೀರ್ಮಾನಿಸುವ ಡೊಮೇನ್ ಕಂಟ್ರೋಲರಿನದ್ದು ಸಿಗಲಿಲ್ಲ. ಅಂಥವು ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಭರವಸೆ. ಎಲ್ಲವೂ ಒಟ್ಟಿಗೇ ಹೋದವು, ಘಾನಾದ್ದೊಂದನ್ನು ಬಿಟ್ಟು. ದಾಳಿಗೆ ಮುನ್ನ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು! ಅದನ್ನು ಹಿಡಿದು 4,000 ಸರ್ವರುಗಳನ್ನು ಹತ್ತೇ ದಿನಗಳಲ್ಲಿ ಮತ್ತೆ ಕಟ್ಟಿದರು.

ಅದೃಷ್ಟ ಮಾಡಿದ ಈ ಕೆಲಸವನ್ನು ಯೋಜನೆ ಮಾಡಬೇಕಿತ್ತು. ಸದಾ ಜೋಡಿಸಿಯೇ ಇಟ್ಟ ನಕಲು ಮೂಲದ ಜೊತೆಗೇ ಹಾಳಾಗುತ್ತದೆ. ಇದೆಲ್ಲ ದೊಡ್ಡವರ ಪಾಡು, ನಮ್ಮ ಸಣ್ಣ ವ್ಯಾಪಾರಕ್ಕೆ ಖರ್ಚೇಕೆ ಎನ್ನುವಿರಾ? ಪ್ರಶ್ನೆ ನ್ಯಾಯವಾದದ್ದೇ. ಆದರೆ 25ರಿಂದ 30 ಕೋಟಿ ಡಾಲರ್ ನಷ್ಟವನ್ನು ಮೇರ್ಸ್ಕ್ ತಡೆದುಕೊಂಡಿತು. ಬಾಕಿದಾರರ ಪಟ್ಟಿಯೇ ಅಳಿಸಿಹೋದರೆ ಸಣ್ಣ ಅಂಗಡಿ ತಡೆದುಕೊಳ್ಳುವುದು ಕಷ್ಟ. ಟ್ಯಾಲಿ ಡೇಟಾ, ಜಿಎಸ್‌ಟಿ ಬಿಲ್ಲುಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಕೇಬಲ್ ತೆಗೆದು, ಬೇರೆ ಕಟ್ಟಡದಲ್ಲಿಡಿ. ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಯಾವುದಾದರೂ ಒಂದು ಹಳೆಯ ಬಿಲ್ ಹುಡುಕಿ ತೆಗೆಯಿರಿ.