ಹೊಲದ ಮೂಲೆಮಟ್ಟವೂ ಗುಂಟೆಯ ಲೆಕ್ಕವೂ

ಹೊಲವನ್ನು ಕೊಳ್ಳುವಾಗಲೂ, ಮಾರುವಾಗಲೂ, ಲಾವಣಿಗೆ ಕೊಡುವಾಗಲೂ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಮೊದಲು ಏಳುವ ಪ್ರಶ್ನೆಯು ‘ಇದು ಎಷ್ಟು ಗುಂಟೆ?’ ಎಂಬುದೇ ಆಗಿರುತ್ತದೆ. ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಚಿಮ್ಮಡ, ರಬಕವಿ, ಬನಹಟ್ಟಿ, ಮುಧೋಳ, ಜಮಖಂಡಿಗಳ ಸೀಮೆಯಲ್ಲಿ ನೀರಾವರಿಯೂ ಕಬ್ಬಿನ ಬೆಳೆಯೂ ಹಬ್ಬಿದ ಮೇಲೆ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ಆದುದರಿಂದ ಗುಂಟೆಯನ್ನು ತಪ್ಪದೆ ಎಣಿಸುವ ಬಗೆಯನ್ನು ಊರಿನ ಹಿರಿಯರೂ ಭೂಮಾಲಿಕರೂ ತಿಳಿದಿರತಕ್ಕದ್ದು.

ಮುಂಬಯಿ ಇಲಾಖೆಯ ಮೋಜಣಿಯಿಂದ ನಮ್ಮ ಕಡೆಗೆ ರೂಢಿಯಾದ ಸಾಖಳಿಯ ಉದ್ದವು 33 ಅಡಿ. ಅದರ ಭಾಗಗಳು 16 ಆಣೆ. ಒಂದು ಸಾಖಳಿ ಉದ್ದ, ಒಂದು ಸಾಖಳಿ ಅಗಲವುಳ್ಳ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಇಂಥ 40 ಗುಂಟೆಗಳಿಗೆ ಒಂದು ಎಕರೆ. ಆದಕಾರಣ ಸಾಖಳಿಯಿಂದ ಅಳೆದವನಿಗೆ ಉದ್ದ ಅಗಲಗಳನ್ನು ಗುಣಿಸಿದ ಕೂಡಲೆ ಗುಂಟೆಯ ಲೆಕ್ಕವು ದೊರೆಯುತ್ತದೆ.

ಆದರೆ ಇದು ಹೊಲದ ನಾಲ್ಕು ಮೂಲೆಗಳೂ ಗೌಂಡಿಯ ಮೂಲೆಮಟ್ಟಕ್ಕೆ ಸರಿಯಾಗಿ ಕೂಡುವಂತಿದ್ದಾಗ ಮಾತ್ರ ನಿಜ. ಹಳ್ಳಿಗಳಲ್ಲಿ ಅನೇಕರು ಮೂಲೆಗಳನ್ನು ನೋಡದೆ, ಎದುರುಬದುರಿನ ಬದುಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಅರ್ಧಗಳನ್ನು ಗುಣಿಸುವುದುಂಟು. ಈ ಕ್ರಮವು ಬಹು ಹಳೆಯದು, ಕ್ರಿ. ಶ. 628ರಲ್ಲಿಯೇ ಬ್ರಹ್ಮಗುಪ್ತನು ಇದನ್ನು ಸ್ಥೂಲಫಲವೆಂದು ಬೇರ್ಪಡಿಸಿ ಹೇಳಿದ್ದಾನೆ. ಮೂಲೆಗಳು ಓರೆಯಾದಷ್ಟೂ ಈ ಲೆಕ್ಕವು ನಿಜವಾದ ಕ್ಷೇತ್ರಕ್ಕಿಂತ ಹೆಚ್ಚು ತೋರಿಸುತ್ತದೆ. ಕಡಿಮೆ ಎಂದಿಗೂ ತೋರಿಸದು. ಆದುದರಿಂದ ಇದರ ನಷ್ಟವು ಯಾವಾಗಲೂ ಕೊಳ್ಳುವವನ ಮೇಲೆಯೂ ಲಾವಣಿ ತೆರುವವನ ಮೇಲೆಯೂ ಬೀಳುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಂದು ಹೊಲದ ತೆಂಕಣ ಬದುವು 10 ಸಾಖಳಿ, ಬಡಗಣ ಬದುವು 10 ಸಾಖಳಿ. ಮೂಡಣ ಪಡುವಣ ಬದುಗಳು 5 ಸಾಖಳಿಯವು. ಆದರೆ ಬಡಗಣ ಬದುವು ಮೂಡಲಿಗೆ 3 ಸಾಖಳಿ ಸರಿದಿದ್ದು, ಹೊಲವು ಓರೆಯಾಗಿ ನಿಂತಿದೆ. ರೂಢಿಯ ಲೆಕ್ಕದಂತೆ ಇದು 10×5, ಅಂದರೆ 50 ಗುಂಟೆ. ನಿಜವಾಗಿ ನೋಡಿದರೆ ಎರಡು ಉದ್ದ ಬದುಗಳ ನಡುವಣ ನೆಟ್ಟನೆಯ ಅಂತರವು 4 ಸಾಖಳಿ ಮಾತ್ರ. ಆದುದರಿಂದ ಕ್ಷೇತ್ರವು 40 ಗುಂಟೆ, ಸರಿಯಾಗಿ ಒಂದು ಎಕರೆ. ಇಲ್ಲದ 10 ಗುಂಟೆಗಳಿಗೆ ಕೊಂಡವನು ಹಣ ತೆತ್ತಂತಾಯಿತು. ಅಣ್ಣನಿಗೆ ಮೂಲೆಮಟ್ಟದ ಹೊಲವೂ ತಮ್ಮನಿಗೆ ಈ ಓರೆಯ ಹೊಲವೂ ಬಂದು, ಎರಡನ್ನೂ 50 ಗುಂಟೆಯೆಂದು ಬರೆದುಕೊಂಡರೆ, ಆ ಮನೆಯ ವ್ಯಾಜ್ಯಕ್ಕೆ ಅಂದೇ ಬೀಜ ಬಿತ್ತಿದಂತೆ.

ಆ 4 ಸಾಖಳಿಯು ಹೇಗೆ ಬಂದಿತೆಂದರೆ, ಲಂಬಕೋನ ತ್ರಿಭುಜದ ಧರ್ಮದಿಂದ. ಮೂಲೆಮಟ್ಟದ ಎರಡು ತೋಳುಗಳಿಗೆ ಭುಜ, ಕೋಟಿ ಎಂದೂ, ಅವುಗಳ ತುದಿಗಳನ್ನು ಕೂಡಿಸುವ ಓರೆಗೆರೆಗೆ ಕರ್ಣವೆಂದೂ ಹೆಸರು. ಭುಜದ ವರ್ಗವನ್ನೂ ಕೋಟಿಯ ವರ್ಗವನ್ನೂ ಕೂಡಿಸಿದರೆ ಕರ್ಣದ ವರ್ಗವಾಗುತ್ತದೆ. ಮೇಲಿನ ಹೊಲದಲ್ಲಿ ಕರ್ಣವು 5, ಭುಜವು 3. 25ರಲ್ಲಿ 9 ಕಳೆದರೆ 16. ಅದರ ಮೂಲ 4.

ಇದು ಏಕೆ ನಿಜವೆಂಬುದನ್ನು ಗುಂಟೆಯಿಂದಲೇ ತಿಳಿಯಬಹುದು. 7 ಸಾಖಳಿ ಚೌಕದ ಹೊಲವು 49 ಗುಂಟೆ. ಅದರ ಪ್ರತಿಯೊಂದು ಬದುವಿನ ಮೇಲೆ, ಒಂದೇ ಸುತ್ತಿನಲ್ಲಿ ನಡೆಯುತ್ತ, ಮೂಲೆಯಿಂದ 3 ಸಾಖಳಿಗೆ ಒಂದೊಂದು ಗೂಟ ನೆಡಿರಿ. ನಾಲ್ಕು ಗೂಟಗಳನ್ನು ಹುರಿಯಿಂದ ಕೂಡಿಸಿದರೆ ಮೂಲೆಗಳಲ್ಲಿ ನಾಲ್ಕು ತ್ರಿಭುಜಗಳೂ, ನಡುವೆ ಒಂದು ಚೌಕವೂ ಆಗುವುವು. ಒಂದೊಂದು ತ್ರಿಭುಜವು 3×4ರ ಅರ್ಧ, ಅಂದರೆ 6 ಗುಂಟೆ, ನಾಲ್ಕಕ್ಕೆ 24. 49ರಲ್ಲಿ 24 ಹೋಗಿ ಉಳಿದದ್ದು 25 ಗುಂಟೆ. ಆದುದರಿಂದ ನಡುವಣ ಚೌಕದ ಬದಿಯು 5 ಸಾಖಳಿ. ಬೇರೆ ಅಳತೆಗಳಿಗೂ ಇದೇ ಯುಕ್ತಿ.

ಈ ನಿಯಮಕ್ಕೆ ಗ್ರೀಸಿನ ಪೈಥಾಗೊರಸನ ಹೆಸರು ಬಂದಿದ್ದರೂ, ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುವ ಬೌಧಾಯನ ಶುಲ್ಬಸೂತ್ರದಲ್ಲಿ ಇದು ಸ್ಪಷ್ಟವಾಗಿದೆ, ಶುಲ್ಬವೆಂದರೆ ಹಗ್ಗ. ಕನ್ನಡ ನಾಡಿನಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಕ್ಷೇತ್ರದ ಸ್ಥೂಲಫಲವನ್ನೂ ಸೂಕ್ಷ್ಮಫಲವನ್ನೂ ಬೇರೆಬೇರೆಯಾಗಿ ವಿವರಿಸಿದನು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಅವನ ಊರಾದ ಪೂವಿನಬಾಗೆಯು ನಮ್ಮ ನೆರೆಯ ರಾಯಬಾಗವೆಂದು ವಿದ್ವಾಂಸರ ಮತ. ಎಂದ ಮೇಲೆ ಈ ವಿದ್ಯೆಯು ನಮಗೆ ಹೊರಗಿನದಲ್ಲ.

ಇನ್ನು ಇದರ ಪ್ರಯೋಗಗಳನ್ನು ಹೇಳುವೆವು.

1. ಮೂಲೆಯ ಪರೀಕ್ಷೆ. ಮೂಲೆಯ ಕಲ್ಲಿನಿಂದ ಒಂದು ಬದುವಿನಲ್ಲಿ 30 ಅಡಿಗೂ, ಇನ್ನೊಂದರಲ್ಲಿ 40 ಅಡಿಗೂ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಅಳೆಯಿರಿ. ಸರಿಯಾಗಿ 50 ಅಡಿ ಬಂದರೆ ಮೂಲೆಯು ಲಂಬವಾಗಿದೆ. ಕಡಿಮೆ ಬಂದರೆ ಮೂಲೆಯು ಇಕ್ಕಟ್ಟು, ಹೆಚ್ಚು ಬಂದರೆ ಅಗಲ. ಹೊಸ ಬದು ಹಾಕುವಾಗಲೂ, ಕಬ್ಬಿನ ಸಾಲುಗಳ ಮೊದಲ ಗೆರೆ ಎಳೆಯುವಾಗಲೂ ಇದೇ ಕ್ರಮ. ನೂಲಿನ ಹಗ್ಗವು ಎಳೆದಂತೆ ಹಿಗ್ಗುವುದರಿಂದ ತಂತಿಯನ್ನಾಗಲಿ ಟೇಪನ್ನಾಗಲಿ ಉಪಯೋಗಿಸುವುದು ಲೇಸು.

2. ನಾಲ್ಕು ಬದಿಯ ಹೊಲ. ಸಡಿಲಾದ ಹೊರಸಿನ ಚೌಕಟ್ಟನ್ನು ಒಂದು ಕಡೆಗೆ ನೂಕಿದರೆ ಅದರ ಕಟ್ಟಿಗೆಗಳ ಉದ್ದವು ಬದಲಾಗದು. ಒಳಗಿನ ಜಾಗವು ಮಾತ್ರ ಕಡಿಮೆಯಾಗುವುದು. ಹೊಲವೂ ಹಾಗೆಯೇ. ನಾಲ್ಕು ಬದುಗಳ ಉದ್ದದಿಂದಲೇ ಕ್ಷೇತ್ರವು ನಿರ್ಣಯವಾಗಲಾರದು. ಆದುದರಿಂದ ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣವನ್ನು ಅವಶ್ಯವಾಗಿ ಅಳೆದು, ಹೊಲವನ್ನು ಎರಡು ತ್ರಿಭುಜಗಳಾಗಿ ಮಾಡಿಕೊಳ್ಳತಕ್ಕದ್ದು.

3. ತ್ರಿಭುಜದ ಹೊಲ. ಬೆಳೆ ನಿಂತಿರುವಾಗ ಒಳಗೆ ಲಂಬವನ್ನು ಅಳೆಯಲಾಗದಿದ್ದರೂ, ಬದುಗಳಿಂದಲೇ ಅದನ್ನು ತೆಗೆಯಬಹುದು. ಬದುಗಳು 13, 14, 15 ಸಾಖಳಿ ಇರಲಿ. 14ನ್ನು ತಳವೆಂದು ಹಿಡಿಯಿರಿ. 15ರ ವರ್ಗ 225, 13ರ ವರ್ಗ 169, ಅಂತರ 56. ಇದನ್ನು ತಳದಿಂದ, ಅಂದರೆ 14ರಿಂದ, ಭಾಗಿಸಿದರೆ 4. ತಳಕ್ಕೆ 4 ಕೂಡಿಸಿ ಅರ್ಧ ಮಾಡಿದರೆ 9. ಇದು 15 ಸಾಖಳಿಯ ಬದುವಿನ ಕಡೆಯಿಂದ ಲಂಬದ ಬುಡಕ್ಕಿರುವ ದೂರ. 225ರಲ್ಲಿ 9ರ ವರ್ಗವಾದ 81 ಕಳೆದರೆ 144, ಮೂಲ 12. ಇದೇ ಲಂಬ. 14×12ರ ಅರ್ಧ 84 ಗುಂಟೆ, ಅಂದರೆ 2 ಎಕರೆ 4 ಗುಂಟೆ.

4. ಇಳಿಜಾರಿನ ಭೂಮಿ. ದಾಖಲೆಯ ಕ್ಷೇತ್ರವು ಸಮಪಾತಳಿಯ ಅಳತೆಯದು. ಇಳಿಜಾರಿನ ಮೇಲೆ ಹಾಸಿದ ಸಾಖಳಿಯು ಕರ್ಣವಾಗುತ್ತದೆ. ಒಂದು ಸಾಖಳಿಗೆ 5 ಅಡಿ ಇಳಿತವಿದ್ದರೆ 1,089ರಲ್ಲಿ 25 ಕಳೆದು 1,064. ಅದರ ಮೂಲ ಸುಮಾರು 32.62 ಅಡಿ. ಸಾಖಳಿಗೆ ನಾಲ್ಕೂವರೆ ಅಂಗುಲದಂತೆ, ಹತ್ತು ಸಾಖಳಿಗೆ ಸುಮಾರು ಪೌಣೆನಾಲ್ಕು ಅಡಿ ಹೆಚ್ಚಳ ಬರುವುದು. ಇಂಥಲ್ಲಿ ಸಾಖಳಿಯನ್ನು ಮಟ್ಟವಾಗಿ ಎತ್ತಿ ಹಿಡಿದು, ತುಂಡುತುಂಡಾಗಿ ಅಳೆಯತಕ್ಕದ್ದು.

ಇಷ್ಟಾದರೂ ಮನೆಯ ಅಳತೆಯು ಸರಕಾರಿ ಮೋಜಣಿಗೆ ಬದಲಾಗದೆಂಬುದನ್ನು ಮರೆಯಲಾಗದು. ಒಂದು ಸರ್ವೆ ನಂಬರಿನ ಭಾಗವನ್ನು ಮಾರುವಾಗ ಭೂಮಾಪನ ಇಲಾಖೆಯ 11-ಇ ನಕ್ಷೆಯು ಬೇಕಾಗುತ್ತದೆ. ಆದರೆ ಸಂಚಕಾರ ಕೊಡುವ ಮೊದಲು, ಇಲ್ಲವೆ ಪಾಲಿನ ಮಾತು ಮುಗಿಸುವ ಮೊದಲು, ಒಂದು ಹೊತ್ತು ಹೊಲದಲ್ಲಿ ನಿಂತು ಕರ್ಣವನ್ನು ಅಳೆದುಕೊಳ್ಳುವುದರಿಂದ ಯಾರಿಗೂ ಕೆಡುಕಿಲ್ಲ. ಪಂಚರು ಪಾಲಿಗೆ ಕುಳಿತಾಗ ನಾಲ್ಕು ಬದುಗಳ ಜೊತೆಗೆ ಐದನೆಯದಾಗಿ ಕರ್ಣದ ಅಳತೆಯನ್ನೂ ಕಾಗದದಲ್ಲಿ ಬರೆಯಿಸಿದರೆ, ಮುಂದೆ ಮಕ್ಕಳ ಕಾಲಕ್ಕೆ ಕಲ್ಲು ಕಿತ್ತುಹೋದರೂ ಹೊಲದ ಆಕಾರವು ಆ ಕಾಗದದಿಂದಲೇ ತಿರುಗಿ ದೊರೆಯುವುದು.