ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನ ತಣ್ಣಗಿದ್ದಾಗಲೇ ನೋಡಿ

ಭಾನುವಾರ ಬೆಳಗ್ಗೆ ಆಯ್ತು ಅಂದ್ರೆ ಬೆಂಗಳೂರಿನ ಫಾಸ್ಟ್ ಕಾರುಗಳು ಊರು ಬಿಟ್ಟು ಹೊರಗೆ ಬರುತ್ತವೆ. ಒಂದಷ್ಟು ನಂದಿ ಬೆಟ್ಟದ ಕಡೆ, ಇನ್ನೊಂದಷ್ಟು ಹೊಸಕೋಟೆ, ನರಸಾಪುರ, ಕೋಲಾರ ದಾಟಿ ಮುಳಬಾಗಿಲು ಕಡೆ. ದೇವರಾಯಸಮುದ್ರದಿಂದ ಬಂದು ನಮ್ಮ ಜೊತೆ ಓದುತ್ತಿರುವ ಗೆಳೆಯ ಹೇಳುವ ಪ್ರಕಾರ, ಹೆದ್ದಾರಿಯಲ್ಲಿ ಕಾರು ಕಣ್ಣಿಗೆ ಬೀಳೋ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತೆ. ಆ ಸದ್ದು ಕೇಳಿ ಬೆಳೆದವರಿಗೆಲ್ಲ ಒಂದು ಆಸೆ ಇದ್ದೇ ಇರುತ್ತೆ. ನಮಗೂ ಇದೆ.

ಹೊಸದು ಕೊಳ್ಳೋಕೆ ಆಗಲ್ಲ, ಅದು ಬೇರೆ ಮಾತು. ಆದರೆ ಹಳೇ ಕಾರಿನ ಬೆಲೆ ನೋಡಿದರೆ ತಲೆ ಕೆಡುತ್ತೆ. 2013ರಲ್ಲಿ ನಮ್ಮ ದೇಶಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ (1.2 ಲೀಟರ್ ಟರ್ಬೊ, 105 ಅಶ್ವಶಕ್ತಿ), 2017ರಲ್ಲಿ 24 ಲಕ್ಷ ಚಿಲ್ಲರೆಗೆ ಮಾರಾಟವಾದ 230 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಅದಕ್ಕೂ ಹಿಂದಿನ 1.8 ಟರ್ಬೊ ಆಕ್ಟೇವಿಯಾ ಆರ್‌ಎಸ್: ಇವೆಲ್ಲ ಈಗ ಹೊಸ ಬೆಲೆಯ ಒಂದು ಭಾಗಕ್ಕೆ ಸಿಗುತ್ತವೆ. ಇಲ್ಲೇ ಒಂದು ವಿಷಯ ಮರೆತುಹೋಗುತ್ತೆ. ಕಾರಿನ ಬೆಲೆ ಇಳಿಯುತ್ತೆ, ಅದರ ಪಾರ್ಟ್‌ಗಳ ಬೆಲೆ ಇಳಿಯಲ್ಲ. 24 ಲಕ್ಷದ ಕಾರು 10 ಲಕ್ಷಕ್ಕೆ ಬಂದರೂ ಅದರ ಗೇರ್‌ಬಾಕ್ಸ್ 24 ಲಕ್ಷದ ಕಾರಿನದೇ.

ಹಾಗಾಗಿ ಈ ಲೇಖನದಲ್ಲಿ ನಾವು ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಏನೇನು ಕೆಡುತ್ತೆ, ಯಾಕೆ ಕೆಡುತ್ತೆ, ದುಡ್ಡು ಕೊಡೋ ಮೊದಲು ಹೇಗೆ ಕಂಡುಹಿಡಿಯಬಹುದು ಅನ್ನೋದನ್ನ ನೋಡೋಣ. ನೆನಪಿಟ್ಟುಕೊಳ್ಳಬೇಕಾದ ಸೂತ್ರ ಒಂದೇ: ತಣ್ಣಗಿದ್ದಾಗ ಶುರು ಮಾಡಿ, ಪೂರ್ತಿ ಬಿಸಿಯಾದ ಮೇಲೆ ಮುಗಿಸಿ.

ಮೊದಲ ಕೆಲಸ: ಬಾನೆಟ್ ಮೇಲೆ ಕೈ

ಕಾರು ನೋಡೋಕೆ ಹೋದಾಗ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರೋ ಮೊದಲೇ ಯಾರೋ ಎಂಜಿನ್ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಎಲ್ಲರೂ ಮೋಸ ಮಾಡೋಕೇ ಹಾಗೆ ಮಾಡ್ತಾರೆ ಅಂತಲ್ಲ, ತೊಳೆಯೋಕೆ ಹೊರಗೆ ತೆಗೆದಿರಬಹುದು. ಆದರೆ ಬಿಸಿ ಎಂಜಿನ್ ತುಂಬಾ ವಿಷಯ ಮುಚ್ಚಿಡುತ್ತೆ. ಅದರಲ್ಲಿ ಮೊದಲನೆಯದು ಟೈಮಿಂಗ್ ಚೈನ್.

ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟ್ ಒಂದೇ ತಾಳದಲ್ಲಿ ತಿರುಗೋ ಹಾಗೆ ನೋಡಿಕೊಳ್ಳೋದು ಈ ಚೈನ್. ಸೈಕಲ್ ಚೈನ್ ಥರಾನೇ ಇದರ ಪಿನ್‌ಗಳೂ ಸವೆಯುತ್ತವೆ, ಸವೆದಷ್ಟೂ ಚೈನ್ ಉದ್ದ ಆಗುತ್ತೆ. ಆ ಸಡಿಲವನ್ನ ಎಳೆದು ಹಿಡಿಯೋಕೆ ಒಂದು ಟೆನ್ಷನರ್ ಇರುತ್ತೆ, ಅದು ಕೆಲಸ ಮಾಡೋದು ಎಂಜಿನ್ ಆಯಿಲ್‌ನ ಒತ್ತಡದಿಂದ. ರಾತ್ರಿಯೆಲ್ಲ ಕಾರು ನಿಂತಾಗ ಆಯಿಲ್ ಕೆಳಗಿನ ಸಂಪ್‌ಗೆ ಇಳಿದಿರುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಬರೋಕೆ ಒಂದೆರಡು ಸೆಕೆಂಡ್ ಬೇಕು. ಚೈನ್ ಸವೆದಿದ್ದರೆ ಅಥವಾ ಟೆನ್ಷನರ್ ಸುಸ್ತಾಗಿದ್ದರೆ ಆ ಒಂದೆರಡು ಸೆಕೆಂಡಲ್ಲಿ ಡಬ್ಬಿಯಲ್ಲಿ ಚಿಲ್ಲರೆ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬರುತ್ತೆ. ಆಮೇಲೆ ಎಲ್ಲ ಸೈಲೆಂಟ್. ಬಿಸಿ ಎಂಜಿನ್‌ನಲ್ಲಿ ಟೆನ್ಷನರ್ ಒಳಗೆ ಆಯಿಲ್ ಇನ್ನೂ ಇರೋದರಿಂದ ಈ ಸದ್ದು ಕೇಳಿಸೋದೇ ಇಲ್ಲ.

ಕೇಳಿಸಿದರೆ ಏನಾಯ್ತು ಅಂತೀರಾ? ಚೈನ್ ಒಂದೆರಡು ಹಲ್ಲು ಹಾರಿದರೆ, ತೆರೆದಿರೋ ವಾಲ್ವ್‌ಗೆ ಪಿಸ್ಟನ್ ಹೋಗಿ ಗುದ್ದುತ್ತೆ. ವಾಲ್ವ್ ಬಗ್ಗುತ್ತೆ, ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತೆ. ಹಳೇ ಪೀಳಿಗೆಯ 1.2 ಟಿಎಸ್‌ಐ ಎಂಜಿನ್‌ಗೆ ಬೇರೆ ದೇಶಗಳಲ್ಲೂ ಈ ಚೈನ್ ವಿಷಯದಲ್ಲೇ ಕೆಟ್ಟ ಹೆಸರಿತ್ತು. ಮುಂದಿನ ಪೀಳಿಗೆಯಲ್ಲಿ ಕಂಪನಿ ಚೈನ್ ಬಿಟ್ಟು ಬೆಲ್ಟ್‌ಗೆ ಹೋಯ್ತು.

ದೇವರಾಯಸಮುದ್ರದ ಗೆಳೆಯನ ಅಣ್ಣ ಈಚೆಗೆ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ನೋಡಿದ್ದರು. ಎರಡು ವರ್ಷದ ಟೊಮೆಟೊ ದುಡ್ಡಲ್ಲಿ ಸಾಲ ಎಲ್ಲ ತೀರಿಸಿ ಉಳಿಸಿದ್ದ ಹಣ ಅದು. ಮನೆಯಲ್ಲಿ ಯಾರಿಗೂ ಇಷ್ಟ ಇರಲಿಲ್ಲ, ಆ ದುಡ್ಡಿಗೆ ಇನ್ನೊಂದು ಬೋರ್ ಕೊರೆಸು ಅಂತಿದ್ದರು. ಸಂಜೆ ಟೋಕನ್ ಕೊಡೋದು ಅಂತ ಮಾತಾಗಿತ್ತು, ನಮ್ಮನ್ನ ಜೊತೆಗೆ ಕರೆದರು. ಬ್ರೋಕರ್ "ಎಂಜಿನ್ ಬೆಣ್ಣೆ ಇದ್ದಂಗೈತೆ ಸಾರ್" ಅಂದ. ನಿಜಕ್ಕೂ ಬೆಣ್ಣೆ ಥರಾನೇ ಇತ್ತು, ಬಾನೆಟ್ ಬೆಚ್ಚಗಿತ್ತು. "ಅಣ್ಣಾ, ಒಂದು ರಾತ್ರಿ ತಡೀರಿ, ಬೆಳಗ್ಗೆ ಬಂದು ಇನ್ನೊಂದ್ ಸಲ ನೋಡೋಣ" ಅಂದ್ವಿ. "ಅಷ್ಟರಲ್ಲಿ ಬೇರೆಯವ್ರು ಹಾಕ್ಕೊಂಡ್ ಹೋದ್ರೆ ಏನ್ರೋ ಮಾಡ್ತೀರಾ?" ಅಂತ ಅವರಿಗೆ ಸಿಟ್ಟು. ಆದರೂ ಒಪ್ಪಿದರು. ಬೆಳಗ್ಗೆ ಏಳಕ್ಕೆ ಹೇಳದೆ ಹೋದ್ವಿ. ಕೀ ತಿರುಗಿಸಿದಾಗ ಮೂರು ಸೆಕೆಂಡ್ ಕಟಕಟ. ಅಣ್ಣ ಏನೂ ಮಾತಾಡಲಿಲ್ಲ, ಜೇಬಿಂದ ಕೈ ಹೊರಗೆ ತೆಗೀಲೇ ಇಲ್ಲ.

ಟರ್ಬೊ ಮತ್ತು ದೋಸೆ

ಟರ್ಬೊ ಅಂದ್ರೆ ಹೊರಗೆ ಹೋಗೋ ಹೊಗೆಯ ಶಕ್ತಿಯಿಂದಲೇ ಒಳಗೆ ಬರೋ ಗಾಳಿಯನ್ನ ಒತ್ತಿ ತುಂಬೋ ಯಂತ್ರ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ, ಸಣ್ಣ ಟರ್ಬೊದ ಶಾಫ್ಟ್ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅದನ್ನ ಹಿಡಿದಿರೋದು ತೆಳುವಾದ ಒಂದು ಆಯಿಲ್ ಪದರ ಅಷ್ಟೇ. ಪಕ್ಕದಲ್ಲೇ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರ.

ಈಗ ಭಾನುವಾರದ ಡ್ರೈವ್ ನೆನಪಿಸಿಕೊಳ್ಳಿ. ಹೆದ್ದಾರಿಯಲ್ಲಿ ಜೋರಾಗಿ ಬಂದು, ಹೋಟೆಲ್ ಮುಂದೆ ನಿಲ್ಲಿಸಿ, ತಕ್ಷಣ ಆಫ್ ಮಾಡಿ ಮಸಾಲೆ ದೋಸೆಗೆ ಓಡೋದು. ಎಂಜಿನ್ ನಿಂತ ಕೂಡಲೇ ಆಯಿಲ್ ಹರಿಯೋದು ನಿಲ್ಲುತ್ತೆ, ಬಿಸಿ ನಿಲ್ಲಲ್ಲ. ಬೇರಿಂಗ್‌ನಲ್ಲಿ ಸಿಕ್ಕಿಕೊಂಡ ಆಯಿಲ್, ಹೆಂಚಿನ ಮೇಲೆ ಸೀದ ಎಣ್ಣೆ ಹಾಗೆ ಕರಿ ಪದರ ಆಗುತ್ತೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಆಯಿಲ್ ದಾರಿ ಕಟ್ಟಿ, ಬೇರಿಂಗ್ ಸವೆದು, ಸೀಲ್ ಹೋಗುತ್ತೆ. ಈಗಿನ ಹಲವು ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಕೂಲೆಂಟ್ ಓಡಿಸೋ ಸಣ್ಣ ಪಂಪ್ ಇದೆ. ಆದರೂ ಕೊನೆಯ ಒಂದೆರಡು ನಿಮಿಷ ನಿಧಾನಕ್ಕೆ ಓಡಿಸಿ ನಿಲ್ಲಿಸೋದು ಒಳ್ಳೆಯ ಅಭ್ಯಾಸ.

ಕಂಡುಹಿಡಿಯೋದು ಹೇಗೆ? ತಣ್ಣಗಿನ ಸ್ಟಾರ್ಟ್‌ನಲ್ಲಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅದು ಟರ್ಬೊ ಸೀಲ್ ಇರಬಹುದು, ವಾಲ್ವ್ ಸೀಲ್ ಇರಬಹುದು. ಓಡಿಸುವಾಗ ಸೈರನ್ ಥರ ಏರುವ ಕೂಗು ಕೇಳಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಆಯಿಲ್ ಯಾವಾಗ ಬದಲಾಯಿಸಿದ್ದಾರೆ ಅಂತ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ.

ವಾಲ್ವ್ ಮೇಲಿನ ಮಸಿ

ಹಳೇ ಎಂಜಿನ್‌ಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಹಿಂದೆ ಸಿಂಪಡಿಸಿ, ವಾಲ್ವ್‌ನ ತೊಳೆದುಕೊಂಡೇ ಒಳಗೆ ಹೋಗ್ತಿತ್ತು. ಟಿಎಸ್‌ಐ ಥರದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುತ್ತೆ. ಶಕ್ತಿ, ಮೈಲೇಜ್ ಎರಡಕ್ಕೂ ಒಳ್ಳೇದು. ಆದರೆ ವಾಲ್ವ್ ತೊಳೆಯೋರು ಯಾರೂ ಇಲ್ಲ. ಕ್ರ್ಯಾಂಕ್‌ಕೇಸ್‌ನಿಂದ ಬರೋ ಆಯಿಲ್ ಹಬೆ ಬಿಸಿ ವಾಲ್ವ್ ಮೇಲೆ ಕೂತು ಮಸಿ ಗಟ್ಟಿಯಾಗುತ್ತೆ. ತಣ್ಣಗಿನ ಎಂಜಿನ್ ಐಡ್ಲಿಂಗ್‌ನಲ್ಲಿ ಕುಂಟಿದರೆ, ನಡುಗಿದರೆ ಇದೂ ಒಂದು ಕಾರಣ. ಸುಟ್ಟ ಸ್ಪಾರ್ಕ್ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್ ಕೂಡ ಇದೇ ಲಕ್ಷಣ ತೋರಿಸುತ್ತವೆ, ಅವು ಕಡಿಮೆ ಖರ್ಚಿನ ರಿಪೇರಿ. ಮಸಿ ತೆಗೆಯೋಕೆ ಇನ್‌ಟೇಕ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನ ಗಾಳಿಯ ಒತ್ತಡದಲ್ಲಿ ಹೊಡೀತಾರೆ. ಚಿಪ್ಪು ಮಸಿಗಿಂತ ಗಟ್ಟಿ, ಲೋಹಕ್ಕಿಂತ ಮೆತ್ತಗೆ. ಮೆಟೀರಿಯಲ್ ಸೈನ್ಸ್‌ನ ಹಾರ್ಡ್‌ನೆಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ನೀರಿನ ವಿಷಯ

ಕೋಲಾರ ಜಿಲ್ಲೆಯವರಿಗೆ ಬೋರ್‌ವೆಲ್ ನೀರಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಹಾಸ್ಟೆಲ್ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದನ್ನ ಎಲ್ಲರೂ ನೋಡಿದ್ದೀವಿ. ಅದೇ ಗಡಸು ನೀರನ್ನ "ಕೂಲೆಂಟ್ ಕಮ್ಮಿ ಆಗಿದೆ" ಅಂತ ರೇಡಿಯೇಟರ್‌ಗೆ ತುಂಬಿದರೆ ಎಂಜಿನ್ ಒಳಗೂ ಅದೇ ಪದರ ಕಟ್ಟುತ್ತೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಆ ಪದರ ಶಾಖವನ್ನ ಹತ್ತಾರು ಪಟ್ಟು ಕಡಿಮೆ ಹರಿಯಬಿಡುತ್ತೆ. ಸಾಧಾರಣ ಕಾರು ಹೇಗೋ ತಡೆದುಕೊಳ್ಳಬಹುದು, ಚಿಕ್ಕ ಎಂಜಿನ್‌ನಿಂದ ದೊಡ್ಡ ಶಕ್ತಿ ತೆಗೆಯೋ ಟರ್ಬೊ ಕಾರು ತಡೆಯಲ್ಲ. ಒಂದು ಸಲ ಜಾಸ್ತಿ ಬಿಸಿಯಾದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತೆ.

ಎಂಜಿನ್ ತಣ್ಣಗಿರುವಾಗ ಮಾತ್ರ ಕೂಲೆಂಟ್ ಟ್ಯಾಂಕ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ತೆಗೆದರೆ ಮುಖ ಸುಟ್ಟುಹೋಗುತ್ತೆ. ಒಳಗೆ ಗುಲಾಬಿ ಅಥವಾ ನೇರಳೆ ಬಣ್ಣದ ತಿಳಿಯಾದ ದ್ರವ ಇದ್ದರೆ ಸರಿ. ತುಕ್ಕಿನ ಬಣ್ಣ ಇದ್ದರೆ ಯಾರೋ ನಲ್ಲಿ ನೀರು ಹಾಕಿದ್ದಾರೆ. ಆಯಿಲ್ ತೇಲುತ್ತಿದ್ದರೆ ಅಲ್ಲಿಂದ ಹೊರಟುಬಿಡಿ. ವಾಟರ್ ಪಂಪ್, ಥರ್ಮೋಸ್ಟಾಟ್ ಇರೋ ಪ್ಲಾಸ್ಟಿಕ್ ಹೌಸಿಂಗ್ ಸುತ್ತ ಒಣಗಿದ ಗುಲಾಬಿ ಕಲೆ ಇದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ.

ಈಗ ಬಿಸಿ ಮಾಡಿ: ಗೇರ್‌ಬಾಕ್ಸ್

ಇಲ್ಲಿವರೆಗೆ ತಣ್ಣಗಿನ ಪರೀಕ್ಷೆ. ಗೇರ್‌ಬಾಕ್ಸ್ ಮಾತ್ರ ಉಲ್ಟಾ, ಅದರ ರೋಗ ಹೆಚ್ಚಾಗಿ ಕಾಣೋದು ಬಿಸಿಯಾದ ಮೇಲೆ.

ಪೋಲೊ ಜಿಟಿಯಲ್ಲಿರೋದು ಡಿಕ್ಯೂ200 ಅನ್ನೋ 7 ಗೇರಿನ ಡಿಎಸ್‌ಜಿ. ಒಳಗೆ ಎರಡು ಒಣ ಕ್ಲಚ್: ಒಂದು 1, 3, 5, 7ನೇ ಗೇರ್‌ಗೆ, ಇನ್ನೊಂದು 2, 4, 6ಕ್ಕೆ. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನ ಗೇರ್ ರೆಡಿ ಇರೋದರಿಂದ ಬದಲಾವಣೆ ಕಣ್ಣು ಮಿಟುಕಿಸೋಷ್ಟರಲ್ಲಿ ಆಗುತ್ತೆ. ಇದನ್ನೆಲ್ಲ ನಡೆಸೋದು ಮೆಕಾಟ್ರಾನಿಕ್ ಅನ್ನೋ ಒಂದು ಘಟಕ. ಹೈಡ್ರಾಲಿಕ್ಸ್, ಎಲೆಕ್ಟ್ರಾನಿಕ್ಸ್ ಎರಡೂ ಅದರಲ್ಲೇ. ಖಾಲಿ ರಸ್ತೆಯಲ್ಲಿ ಈ ಗೇರ್‌ಬಾಕ್ಸ್ ಸುಖವಾಗಿರುತ್ತೆ. ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತೆ. 2013ರಲ್ಲಿ ಫೋಕ್ಸ್‌ವ್ಯಾಗನ್ ಪ್ರಪಂಚದಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನ ಈ ಗೇರ್‌ಬಾಕ್ಸ್‌ನ ಆಯಿಲ್ ಬದಲಾಯಿಸೋಕೆ ವಾಪಸ್ ಕರೆದಿತ್ತು. ಬಿಸಿ, ತೇವದ ಹವೆಯಲ್ಲಿ ನಿಂತು ನಿಂತು ಓಡುವ ಕಾರುಗಳಲ್ಲಿ ತೊಂದರೆ ಬರಬಹುದು ಅನ್ನೋದೇ ಕಾರಣ.

ಹಾಗಾಗಿ ಟೆಸ್ಟ್ ಡ್ರೈವ್ ಅಂದ್ರೆ ಹೆದ್ದಾರಿಯಲ್ಲಿ ಒಂದು ರೌಂಡ್ ಅಲ್ಲ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ. 1ರಿಂದ 2ಕ್ಕೆ ಹೋಗುವಾಗ ಕಾರು ನಡುಗುತ್ತಾ? ಏರಿನಲ್ಲಿ ನಿಂತು ಹೊರಡುವಾಗ, ಏರಿನಲ್ಲೇ ರಿವರ್ಸ್ ಹೋಗುವಾಗ ತಡವರಿಸುತ್ತಾ? ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಅಕ್ಷರಗಳು ಮಿಣುಕುತ್ತಾ? ಬರೀ ಸಮ ಅಥವಾ ಬರೀ ಬೆಸ ಗೇರ್‌ಗಳು ಮಾಯವಾದರೆ ಯಾವ ಕಡೆಯ ತೊಂದರೆ ಅಂತ ಈಗ ನಿಮಗೇ ಗೊತ್ತಾಗುತ್ತೆ. ಪೂರ್ತಿ ಮೆಕಾಟ್ರಾನಿಕ್ ಬದಲಾಯಿಸಿದರೆ ಖರ್ಚು ಲಕ್ಷ ದಾಟುತ್ತೆ. 230 ಅಶ್ವಶಕ್ತಿಯ ಆಕ್ಟೇವಿಯಾದಲ್ಲಿರೋದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ನ 6 ಗೇರಿನ ಡಿಎಸ್‌ಜಿ. ಅದು ಬಿಸಿಯನ್ನ ಚೆನ್ನಾಗಿ ತಡೆಯುತ್ತೆ, ಆದರೆ 60,000 ಕಿಲೋಮೀಟರ್‌ಗೊಮ್ಮೆ ಆಯಿಲ್, ಫಿಲ್ಟರ್ ಬದಲಾಯಿಸಲೇಬೇಕು.

ಕೆಳಗಡೆ ಮತ್ತು ಒಳಗಡೆ

ತಗ್ಗಿನ ಕಾರು, ತೆಳು ಟೈರು, ನಮ್ಮ ಹಂಪ್‌ಗಳು: ಈ ಮೂರೂ ಸೇರಿದರೆ ಬುಷ್, ಲೋವರ್ ಆರ್ಮ್, ವೀಲ್ ಬೇರಿಂಗ್ ಬೇಗ ಹೋಗುತ್ತವೆ. ಸಣ್ಣ ಗುಂಡಿಯಲ್ಲಿ ಟಕ್ ಟಕ್ ಅಂದ್ರೆ ಬುಷ್. ವೇಗ ಏರಿದಂತೆ ಗುಂಯ್ ಅನ್ನೋದು ಜಾಸ್ತಿಯಾದರೆ ಬೇರಿಂಗ್. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಸರಿಯಿಲ್ಲ, ಅಥವಾ ಯಾವುದೋ ಹೊಡೆತ ಬಿದ್ದಿದೆ. ಟೈರಿನ ಮೇಲೆ 2319 ಥರ ನಾಲ್ಕು ಅಂಕಿ ಇರುತ್ತೆ, ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರು 20,000 ಕಿಲೋಮೀಟರ್ ಅಷ್ಟೇ ಓಡಿದೆ ಅಂತಾರೆ, ಟೈರ್ ಎರಡನೇ ಸೆಟ್ ಆಗಿದ್ದರೆ ಯಾಕೆ ಅಂತ ಕೇಳಿ.

ಕೊನೆಯದಾಗಿ ಓಬಿಡಿ ಸ್ಕ್ಯಾನರ್. ಬ್ಲೂಟೂತ್‌ದು ಒಂದು ಕ್ಲಬ್‌ನಲ್ಲಿ ಇದ್ದರೆ ಹತ್ತು ಜನಕ್ಕೆ ಸಾಕು. ಫಾಲ್ಟ್ ಕೋಡ್ ಇಲ್ಲ ಅಂತ ಖುಷಿಪಡಬೇಡಿ, ಕೋಡ್ ಅಳಿಸೋದು ಒಂದು ಬಟನ್ ಕೆಲಸ. ಅದರ ಬದಲು ರೆಡಿನೆಸ್ ಮಾನಿಟರ್ ನೋಡಿ. ಕೋಡ್ ಅಳಿಸಿದಾಗ ಇವೂ ಅಳಿಸಿಹೋಗುತ್ತವೆ, ಮತ್ತೆ ಪೂರ್ತಿಯಾಗೋಕೆ ಕಾರು ಒಂದಷ್ಟು ದೂರ ಓಡಬೇಕು. ಹಲವು ಮಾನಿಟರ್ "ರೆಡಿ ಇಲ್ಲ" ಅಂತ ತೋರಿಸಿದರೆ ಈಚೆಗೆ ಯಾರೋ ಏನನ್ನೋ ಅಳಿಸಿದ್ದಾರೆ, ಇಲ್ಲ ಬ್ಯಾಟರಿ ತೆಗೆದಿದ್ದಾರೆ. ರೀಮ್ಯಾಪ್ ಆಗಿತ್ತಾ ಅಂತಲೂ ನೇರವಾಗಿ ಕೇಳಿ. ಹೆಚ್ಚಿನ ಟಾರ್ಕ್ ತಿಂದ ಕ್ಲಚ್, ಸಾಫ್ಟ್‌ವೇರ್ ವಾಪಸ್ ಹಾಕಿದ ಮಾತ್ರಕ್ಕೆ ಹೊಸದಾಗಲ್ಲ.

ಇಷ್ಟೆಲ್ಲ ಓದಿ ಇಂಥ ಕಾರೇ ಬೇಡ ಅನ್ನಿಸಿದರೆ, ನಮ್ಮ ಉದ್ದೇಶ ಅದಲ್ಲ. ಸರಿಯಾಗಿ ನೋಡಿಕೊಂಡ ಕಾರುಗಳೂ ಬೇಕಾದಷ್ಟಿವೆ, ಅವುಗಳ ಯಜಮಾನರು ಬಿಲ್ ಫೈಲ್ ಇಟ್ಟುಕೊಂಡು ಕಾಯ್ತಿರ್ತಾರೆ. ಕಾರಿನ ಬೆಲೆಯ ಜೊತೆಗೆ ಒಂದು ದೊಡ್ಡ ರಿಪೇರಿಯ ದುಡ್ಡು ಬೇರೆ ಎತ್ತಿಟ್ಟಿದ್ದೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇದ್ದರೆ ನೋಡೋಕೆ ಹೋಗಿ. ಗೆಳೆಯನ ಅಣ್ಣ ಇನ್ನೂ ಹುಡುಕ್ತಾನೇ ಇದ್ದಾರೆ, ಈಗ ಅವರೇ ಫೋನ್‌ನಲ್ಲಿ ಮೊದಲು ಹೇಳೋ ಮಾತು: "ಬೆಳಗ್ಗೆ ಬರ್ತೀನಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ."